ಕಡಲ ದಂಡೆಯಲ್ಲಿ ಮಕ್ಕಳೊಡನೆ ಎರಡು ದಿನ

ರಜೆಯ ದಿನಗಳು ಸಮೀಪಿಸಿದೊಡನೆಯೇ ಬೆಂಗಳೂರು, ಮೈಸೂರು, ತುಮಕೂರು, ದಾವಣಗೆರೆ ಮೊದಲಾದ ಬಯಲುಸೀಮೆಯ ನಗರಗಳಲ್ಲಿ ಒಂದು ಹೊಸ ಬಗೆಯ ಪ್ರಯಾಣೋತ್ಸಾಹವು ತಲೆದೋರುವುದನ್ನು ವಾಚಕರು ಗಮನಿಸಿರಬಹುದು. ಹಿಂದಿನ ಕಾಲದಲ್ಲಿ ರಜೆಯೆಂದರೆ ಮಕ್ಕಳಿಗೆ ಅಜ್ಜಿಯ ಮನೆ, ಹಿರಿಯರಿಗೆ ಕುಲದೇವತೆಯ ಸನ್ನಿಧಿ. ಈಗಲಾದರೋ ಶುಕ್ರವಾರದ ರಾತ್ರಿ ಹೊರಟು ಸೋಮವಾರ ಕಚೇರಿಯ ವೇಳೆಗೆ ಹಿಂದಿರುಗುವಂತೆ ಲೆಕ್ಕ ಹಾಕಿ, ಗೋಕರ್ಣವೋ ಮುರುಡೇಶ್ವರವೋ ಮಲ್ಪೆಯೋ ಎಂದು ಗೊತ್ತುಮಾಡಿಕೊಂಡು, ಕಡಲ ದಂಡೆಯ ಒಂದು ರೆಸಾರ್ಟಿನಲ್ಲಿ ಕೊಠಡಿಯನ್ನು ಮುಂಗಡವಾಗಿ ಕಾದಿರಿಸಿ, ಮೂರು ವರ್ಷದ ಮಗುವನ್ನೂ ಆರು ವರ್ಷದ ಮಗುವನ್ನೂ ಕಟ್ಟಿಕೊಂಡು ತಂದೆತಾಯಿಗಳು ಹೊರಟುಬಿಡುತ್ತಾರೆ. ಇಬ್ಬರಲ್ಲಿ ಒಬ್ಬರಿಗೇ ರಜೆ ದೊರೆತು, ತಾಯಿಯೊಬ್ಬಳೋ ತಂದೆಯೊಬ್ಬನೋ ಮಕ್ಕಳನ್ನು ಕರೆದುಕೊಂಡು ಹೋಗುವುದೂ ಉಂಟು.

ಇದನ್ನು ವಿಲಾಸವೆಂದು ಹಳಿಯುವ ಹಿರಿಯರಿದ್ದಾರೆ. ನಾವು ಆ ಪಕ್ಷಕ್ಕೆ ಸೇರಿದವರಲ್ಲ. ವರ್ಷವೆಲ್ಲ ಮೂರನೆಯ ಅಂತಸ್ತಿನ ಮನೆಯಲ್ಲಿಯೂ ಶಾಲೆಯ ವಾಹನದಲ್ಲಿಯೂ ಕಾಲ ಕಳೆಯುವ ಶಿಶುವಿಗೆ ದಿಗಂತವೆಂಬುದು ಎಂತಹುದೆಂದು ತೋರಿಸುವುದು ದುಂದುವೆಚ್ಚವಾಗಲಾರದು. ನಮ್ಮ ಆಕ್ಷೇಪಣೆ ಬೇರೆ. ಕೊಠಡಿಯ ಬಾಡಿಗೆ, ಊಟದ ಏರ್ಪಾಡು, ಈಜುಕೊಳ, ವಾಹನ ನಿಲ್ಲಿಸುವ ಸ್ಥಳ ಇವನ್ನೆಲ್ಲ ಹತ್ತು ಸಲ ವಿಚಾರಿಸಿ ತಿಳಿಯುವ ಗೃಹಸ್ಥನು, ಯಾವ ಸಮುದ್ರದ ಬಾಗಿಲಿಗೆ ತನ್ನ ಮಕ್ಕಳನ್ನು ಕರೆದೊಯ್ಯುತ್ತಿರುವನೋ ಅದರ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಕನ್ನಡನಾಡಿಗೆ ಮುನ್ನೂರು ಕಿಲೋಮೀಟರಿಗೆ ಮೀರಿದ ಕರಾವಳಿಯಿದ್ದರೂ ಬಯಲುಸೀಮೆಯ ಕನ್ನಡಿಗನಿಗೂ ಕಡಲಿಗೂ ಬಳಕೆ ಕಡಮೆ. ಹಳೆಯ ಮೈಸೂರು ಸಂಸ್ಥಾನಕ್ಕೆ ಸಮುದ್ರದ ಒಂದು ಗೇಣು ದಂಡೆಯೂ ಇರಲಿಲ್ಲ; ದಕ್ಷಿಣ ಕನ್ನಡವು ಮದರಾಸಿಗೂ ಉತ್ತರ ಕನ್ನಡವು ಮುಂಬಯಿಗೂ ಸೇರಿದ್ದುವು. 1956ರ ನವೆಂಬರ್ 1ರಂದು ಎಲ್ಲವೂ ಒಂದಾದ ಮೇಲೆಯೂ ನಡುವೆ ಘಟ್ಟವು ಇದ್ದೇ ಇದ್ದಿತು. ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದುದು 1998ರಲ್ಲಿ. ನಮ್ಮವರು ಬಲ್ಲ ನೀರು ಕೆರೆಯ ನೀರು, ಬಾವಿಯ ನೀರು, ಹೆಚ್ಚೆಂದರೆ ಕಾವೇರಿ ತುಂಗಭದ್ರೆಯರ ಸ್ನಾನಘಟ್ಟ. ಕೆರೆಯೂ ಜೀವ ತೆಗೆಯುವುದುಂಟು. ಆದರೆ ಅದು ನಿನ್ನೆ ಇದ್ದ ಎಡೆಯಲ್ಲಿಯೇ ಇಂದೂ ಇರುತ್ತದೆ. ಸಮುದ್ರವಾದರೋ ನಾವು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಸ್ಥಳ ಬದಲಾಯಿಸಿರುತ್ತದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಆದುದರಿಂದ ಇಂದಿನ ವೇಳೆಗಿಂತ ನಾಳೆಯ ವೇಳೆ ಸುಮಾರು 50 ನಿಮಿಷ ತಡವಾಗುತ್ತದೆ. ನೀರು ಏರುವ ಎತ್ತರ ಒಂದೂವರೆ ಎರಡು ಮೀಟರುಗಳಷ್ಟೇ ಆದರೂ, ಮರಳು ಇಳಿಜಾರಾಗಿ ಹಬ್ಬಿರುವ ಕಡೆ ಅಷ್ಟು ಏರಿಕೆಗೆ ದಂಡೆಯ ಬಹುಭಾಗವೇ ಮುಳುಗಿಹೋಗುವುದು. ಇಳಿತದ ಹೊತ್ತಿನಲ್ಲಿ ಮಕ್ಕಳು ಹತ್ತಿ ಕುಳಿತ ಬಂಡೆಯು ಎರಡು ಮೂರು ಗಂಟೆಗಳೊಳಗಾಗಿ ದ್ವೀಪವಾಗಿರುತ್ತದೆ. ಪರ್ವಕಾಲದಲ್ಲಿ ಹೊರತು ಸಮುದ್ರವನ್ನು ಮುಟ್ಟಬಾರದೆಂದು ನಮ್ಮ ಹಿರಿಯರ ಕಟ್ಟಳೆ. ಆ ಪರ್ವದಿನಗಳಾದ ಅಮಾವಾಸ್ಯೆ ಹುಣ್ಣಿಮೆಗಳೇ ಉಬ್ಬರವು ಅತಿ ದೊಡ್ಡದಾಗಿರುವ ದಿನಗಳೆಂಬುದು ವಿಚಿತ್ರವಾಗಿದೆ. ಕಟ್ಟಳೆಯ ತಾತ್ಪರ್ಯವನ್ನು ಪಂಡಿತರು ನಿರ್ಣಯಿಸಲಿ, ಎಳೆಯ ಮಕ್ಕಳುಳ್ಳವರು ಪಂಚಾಂಗವನ್ನು ನೋಡಿ ಆ ದಿನಗಳಲ್ಲಿ ಇಮ್ಮಡಿ ಎಚ್ಚರದಿಂದಿರುವುದು ಒಳ್ಳೆಯದು.

ಶಿಶುಗಳಿಗೆ ಹೇಳಿಮಾಡಿಸಿದ ಹೊತ್ತು ಇಳಿತದ ಹೊತ್ತು. ರೆಸಾರ್ಟಿನವರು ತೋರಿಸುವ ಬಣ್ಣದ ಜಾರುಬಂಡೆಯನ್ನೂ ನೀಲಿ ಹಾಸುಗಲ್ಲಿನ ಕೊಳವನ್ನೂ ಬೆಂಗಳೂರಿನಲ್ಲಿಯೇ ಕಾಣಬಹುದು. ಅದಕ್ಕಾಗಿ ಘಟ್ಟ ಇಳಿಯಬೇಕಾಗಿಲ್ಲ. ನೀರು ಹಿಂದೆ ಸರಿದು ಮರಳು ಇನ್ನೂ ಕನ್ನಡಿಯಂತೆ ಹೊಳೆಯುತ್ತಿರುವಾಗ ಬಗ್ಗಿ ನೋಡಿದರೆ, ಸಾಸಿವೆಯಿಂದ ಮೆಣಸಿನ ಕಾಳಿನವರೆಗಿನ ಗಾತ್ರದ ಸಾವಿರಾರು ಮರಳುಗುಂಡುಗಳು ರಂಗವಲ್ಲಿಯ ಚುಕ್ಕೆಗಳಂತೆ ಒಂದೊಂದು ತೂತಿನ ಸುತ್ತಲೂ ಹರಡಿರುವುದು ಕಾಣುತ್ತದೆ. ಇವು ಉಗುರಿನಷ್ಟು ಚಿಕ್ಕದಾದ ಒಂದು ಜಾತಿಯ ಏಡಿಯ ಕೆಲಸ. ಅದು ಮರಳನ್ನು ಬಾಯಿಗಿಟ್ಟು, ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿಕೊಂಡು, ಉಳಿದುದನ್ನು ಉಂಡೆಮಾಡಿ ಎಸೆಯುತ್ತದೆ. ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ. ಮುಂದಿನ ಇಳಿತಕ್ಕೆ ಏಡಿಯು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಅಲೆಯು ಹಿಂದಕ್ಕೆ ಜಾರುವ ಅಂಚಿನಲ್ಲಿ ಕೈಯಿಂದ ತೋಡಿದರೆ ಮೊಟ್ಟೆಯಾಕಾರದ ಇನ್ನೊಂದು ಪ್ರಾಣಿ ಸಿಕ್ಕುತ್ತದೆ. ಅಂಗೈಯಿಂದ ಕೆಳಗಿಟ್ಟ ಕ್ಷಣದಲ್ಲಿಯೇ ಹಿಂದುಹಿಂದಾಗಿ ಮರಳಿನೊಳಕ್ಕೆ ಕೊರೆದುಕೊಂಡು ಮಾಯವಾಗುತ್ತದೆ. ಮೂರು ವರ್ಷದ ಮಗುವನ್ನು ಇದರ ಮುಂದೆ ಕುಳ್ಳಿರಿಸಿದರೆ ಒಂದು ಗಂಟೆಯ ಕಾಲ ಅದಕ್ಕೆ ಬೇರೆ ಯಾವ ಆಟದ ಸಾಮಾನೂ ಬೇಡ. ತಂದೆತಾಯಿಗಳಿಗೇ ಬೇಸರವಾಗಿ, ನಡೆಯಿರಿ ನಡೆಯಿರಿ, ಇನ್ನೂ ನಾಲ್ಕು ಸ್ಥಳಗಳನ್ನು ನೋಡಬೇಕು ಎಂದು ಎಬ್ಬಿಸುವುದು ಲೋಕಾನುಭವ.

ಇನ್ನು ಭಯದ ಮಾತು. ದೊಡ್ಡ ಅಲೆಯನ್ನು ಕಂಡು ಎಲ್ಲರೂ ಹೆದರುತ್ತಾರೆ. ಆದುದರಿಂದ ಅಲೆಗಳು ಒಡೆಯದೆ ನೀರು ಶಾಂತವಾಗಿ ತೋರುವ ಎಡೆಯನ್ನು ಹುಡುಕಿ ಮಕ್ಕಳನ್ನು ಇಳಿಸುತ್ತಾರೆ. ತಪ್ಪಾಗುವುದು ಇಲ್ಲಿಯೇ. ದಡಕ್ಕೆ ಬಂದು ರಾಶಿಯಾದ ನೀರು ಮತ್ತೆ ಕಡಲಿಗೆ ಹಿಂದಿರುಗಲೇಬೇಕಷ್ಟೆ. ಮರಳಿನ ದಿಣ್ಣೆಗಳ ನಡುವೆ ಆಳವಾದ ಒಂದು ಕಾಲುವೆ ದೊರೆತರೆ ಅದು ಆ ದಾರಿಯಾಗಿ ಒಮ್ಮುಖವಾಗಿ ನುಗ್ಗುತ್ತದೆ. ಆಂಗ್ಲ ಭಾಷೆಯಲ್ಲಿ ರಿಪ್ ಕರೆಂಟು ಎಂದು ಕರೆಯುವ ಈ ಸೆಳವಿನ ಮೇಲ್ಭಾಗದಲ್ಲಿ ಅಲೆಗಳು ಹೆಚ್ಚಾಗಿ ಒಡೆಯುವುದಿಲ್ಲ. ನೀರಿನ ಬಣ್ಣ ಮಾತ್ರ ಕಲಕಿದಂತೆಯೋ ಕಪ್ಪಾಗಿಯೋ ಇರಬಹುದು. ಬಲವಾದ ಸೆಳವು ಸೆಕೆಂಡಿಗೆ ಎರಡು ಮೀಟರುಗಳ ವೇಗದಲ್ಲಿ ಓಡುವುದುಂಟು. ಇಷ್ಟು ವೇಗಕ್ಕೆ ಎದುರಾಗಿ ನುರಿತ ಈಜುಗಾರನೂ ಈಜಲಾರನು. ಇದು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ದಡದ ಕಡೆಗೆ ಹೆಣಗಾಡಿ ದಣಿದವನು ಮುಳುಗುತ್ತಾನೆ. ಸಿಕ್ಕಿಕೊಂಡವನು ಗಾಬರಿಗೊಳ್ಳದೆ ತೇಲುತ್ತಿದ್ದು, ಕೈಯೆತ್ತಿ ಸಹಾಯ ಕರೆದು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಆ ಕಿರಿದಾದ ಕಾಲುವೆಯಿಂದ ಪಕ್ಕಕ್ಕೆ ಸರಿಯಬೇಕು. ಆದರೆ ಈ ಉಪದೇಶವನ್ನು ಪ್ರಾಯಸ್ಥರು ಪಾಲಿಸಬಹುದೇ ಹೊರತು ಆರು ವರ್ಷದ ಹುಡುಗನಲ್ಲ.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಆ ವಾರ್ತೆಯನ್ನು ಓದಿದವರೆಲ್ಲ ಕಣ್ಣೀರಿಟ್ಟರು. ಕೋಲಾರವು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ, ಕೆರೆಗಳ ಸೀಮೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ ಮಂದಿ. ಅವರಲ್ಲಿ ಹೆಚ್ಚುಕಡಮೆ ನಾಲ್ವರಲ್ಲಿ ಒಬ್ಬರು ಐದು ವರ್ಷ ತುಂಬದ ಶಿಶುಗಳು.

ಮುಳುಗುವ ಮಗುವು ಕೂಗಿಕೊಳ್ಳುವುದೆಂದು ನಾವೆಲ್ಲ ಭಾವಿಸಿದ್ದೇವೆ. ಅದು ಹಾಗಲ್ಲ. ಉಸಿರಿಗೇ ಅವಕಾಶವಿಲ್ಲದಾಗ ಕೂಗುವುದೆಲ್ಲಿಂದ ಬಂದೀತು? ಅದು ಸದ್ದಿಲ್ಲದೆ, ಒಂದೆರಡು ನಿಮಿಷಗಳೊಳಗೆ, ಮೊಳಕಾಲುದ್ದದ ನೀರಿನಲ್ಲಿಯೂ ಆಗಿಹೋಗುತ್ತದೆ. ಈಚೆಗೆ ಕಡಲ ತೀರದಲ್ಲಿ ನಾವು ಕಂಡದ್ದನ್ನು ಹೇಳುವುದಾದರೆ, ಒಂದು ಕುಟುಂಬದಲ್ಲಿ ದೊಡ್ಡವರು ಐವರಿದ್ದರು, ಮಕ್ಕಳು ಮೂವರು. ಐವರಲ್ಲಿ ಒಬ್ಬರು ಛಾಯಾಚಿತ್ರ ತೆಗೆಯುತ್ತಿದ್ದರು, ಇಬ್ಬರು ತೆಗೆಸಿಕೊಳ್ಳುತ್ತಿದ್ದರು, ಒಬ್ಬರು ಫೋನಿನಲ್ಲಿ ಕಚೇರಿಯ ವ್ಯವಹಾರವನ್ನು ಇತ್ಯರ್ಥ ಮಾಡುತ್ತಿದ್ದರು, ಐದನೆಯವರು ಎಳನೀರಿನ ಬೆಲೆಯ ವಿಷಯವಾಗಿ ವಾದಿಸುತ್ತಿದ್ದರು. ಮಕ್ಕಳನ್ನು ಯಾರೋ ಒಬ್ಬರು ನೋಡಿಕೊಳ್ಳುತ್ತಿದ್ದಾರೆಂದು ಪ್ರತಿಯೊಬ್ಬರೂ ನಂಬಿದ್ದರು. ಹೆಚ್ಚು ಜನವಿದ್ದಷ್ಟೂ ಕಾವಲು ಕಡಮೆಯಾಗುವುದು ಹೀಗೆ. ಒಬ್ಬರ ಹೆಸರು ಹೇಳಿ, ಇಂತಿಷ್ಟು ಹೊತ್ತು ನಿಮ್ಮ ಸರದಿ ಎಂದು ಗೊತ್ತುಮಾಡಬೇಕು. ಆ ಹೊತ್ತಿನಲ್ಲಿ ಅವರಿಗೆ ಫೋನು ನಿಷಿದ್ಧ. ನಿಂತಿರಬೇಕಾದುದು ಮಗುವಿನ ಹಿಂದೆ ದಡದಲ್ಲಲ್ಲ, ಮಗುವಿಗಿಂತ ಮುಂದೆ, ಕಡಲಿನ ಪಕ್ಕದಲ್ಲಿ, ಕೈಗೆಟಕುವಷ್ಟು ಸಮೀಪದಲ್ಲಿ. ಒಬ್ಬರೇ ಎರಡು ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ನೀರಿಗಿಳಿಯುವ ಮಾತನ್ನೇ ಬಿಟ್ಟು ಒದ್ದೆ ಮರಳಿನಲ್ಲಿ ತೃಪ್ತರಾಗತಕ್ಕದ್ದು. ಏಡಿಗಳಿರುವುದೂ ಅಲ್ಲಿಯೇ.

ದಂಡೆಯ ಅಂಗಡಿಗಳಲ್ಲಿ ಮಾರುವ ಗಾಳಿ ತುಂಬಿದ ಬಾತುಕೋಳಿ, ಉಂಗುರ ಮೊದಲಾದುವನ್ನು ರಕ್ಷಣೆಯ ಸಾಧನಗಳೆಂದು ತಿಳಿಯುವುದು ಇನ್ನೊಂದು ಭ್ರಾಂತಿ. ಹಗಲಿನಲ್ಲಿ ನೆಲ ಕಾಯ್ದು ಗಾಳಿಯು ಕಡಲಿನಿಂದ ಬೀಸುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲಿಗೆ. ನೀರು ತಣ್ಣಗೆ, ಜನ ವಿರಳವಾಗಿ ಇರುವುದೆಂದು ನಾವು ಇಳಿಯುವ ಮುಂಜಾನೆಯ ವೇಳೆಯಲ್ಲಿಯೇ, ಹಗುರವಾದ ಆ ಉಂಗುರವನ್ನು ಗಾಳಿಯು ಮೆಲ್ಲಮೆಲ್ಲನೆ ಒಳಸಮುದ್ರಕ್ಕೆ ತಳ್ಳುತ್ತಿರುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಕ್ಕಳನ್ನು ನೀರಿನ ಬಳಿಗೆ ಬಿಡಲೇಬಾರದು. ಮುಂಗಾರಿನಲ್ಲಿ ಯಂತ್ರದ ದೋಣಿಗಳಿಗೇ ನಿಷೇಧವಿದೆ. ಹುಟ್ಟಿನಿಂದ ಕಡಲನ್ನು ಬಲ್ಲ ಮೊಗವೀರ, ಖಾರ್ವಿ ಜನರೇ ಶ್ರಾವಣದ ಹುಣ್ಣಿಮೆಯ ಸುಮಾರಿಗೆ ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ, ಆಮೇಲೆ ಬಲೆ ಬೀಸುವುದು. ರೆಸಾರ್ಟಿನಲ್ಲಿ ಆಗ ಬಾಡಿಗೆ ಅರ್ಧವಾಗಿರುವುದನ್ನು ಕಂಡು ಮರುಳಾಗುವವರು ಇದನ್ನು ನೆನೆಯಬೇಕು. ಬಿಸಿಲಿನ ಮಾತು ಎಲ್ಲರಿಗೂ ತಿಳಿದದ್ದೇ: ಹತ್ತರಿಂದ ನಾಲ್ಕರವರೆಗೆ ನೆರಳು, ಆಗಾಗ ಕುಡಿಯುವ ನೀರು, ತಲೆಗೆ ಟೋಪಿ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ ಬಯಲುಸೀಮೆಯ ಮಗು ಬೇಗ ಬಸವಳಿಯುತ್ತದೆ.

ಎರಡೇ ದಿನಗಳ ಪ್ರವಾಸದಲ್ಲಿ ಅರ್ಧ ಕಾಲವು ಮಾರ್ಗದಲ್ಲಿಯೇ ಕಳೆಯುವುದು ಇನ್ನೊಂದು ತೊಂದರೆ. ಕಾರಿನಲ್ಲಿ ಘಟ್ಟದ ತಿರುವುಗಳನ್ನು ಇಳಿಯುವಾಗ ಮಕ್ಕಳು ಪಡುವ ಪಾಡನ್ನು ಕಂಡವರು ಮತ್ತೆ ಆ ಸಾಹಸಕ್ಕೆ ಕೈಹಾಕಲಾರರು. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ರೈಲು ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಿನ ಘಟ್ಟವನ್ನು ರಾತ್ರಿಯಲ್ಲಿ ಇಳಿದು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾಗಳ ಮೇಲೆ ಬೆಳಗ್ಗೆ ಕಾರವಾರಕ್ಕೆ ಮುಟ್ಟುತ್ತದೆ. ಮಕ್ಕಳು ಮಲಗಿದ್ದು ಏಳುವಷ್ಟರಲ್ಲಿ ಕಿಟಕಿಯಾಚೆ ತೆಂಗಿನ ತೋಟಗಳು. ಹೋದ ಮೇಲೆ ಒಂದೇ ದಂಡೆಯಲ್ಲಿ ನೆಲೆಸುವುದು ಮೇಲು. ಕಾರವಾರದ ಕಡಲತೀರಕ್ಕೆ ಇಂದು ರವೀಂದ್ರನಾಥ ಠಾಕೂರರ ಹೆಸರಿದೆ. ಇಪ್ಪತ್ತರ ಹರೆಯದಲ್ಲಿ ಅವರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ಒಂದು ನಾಟಕವನ್ನೂ ಅಲ್ಲಿಯೇ ಬರೆದರು. ಒಂದು ದಿನದಲ್ಲಿ ಏಳು ತೀರಗಳನ್ನು ಸುತ್ತಿದ್ದರೆ ಅದಾಗುತ್ತಿತ್ತೆಂದು ನಮಗೆ ತೋರುವುದಿಲ್ಲ.

ರೆಸಾರ್ಟಿನ ಮಾಲೀಕರಿಗೂ ಒಂದು ಮಾತು ಸಲ್ಲುತ್ತದೆ. ಹೊನ್ನಾವರದ ಸುತ್ತಮುತ್ತಣ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಬಂದು ಒಂದೊಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆಗಳನ್ನಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಕಡಲಿನ ಮಂದ ಹೊಳಪನ್ನು ಗುರುತಿಸಿ ಅತ್ತ ತೆವಳುತ್ತವೆ. ದಂಡೆಗೆ ಮುಖಮಾಡಿ ಉರಿಯುವ ವಿದ್ಯುದ್ದೀಪಗಳು ಅವನ್ನು ದಾರಿ ತಪ್ಪಿಸುತ್ತವೆ. ರಾತ್ರಿಯಲ್ಲಿ ಆ ದೀಪಗಳನ್ನು ಆರಿಸಿದರೆ ಆಮೆಗೂ ಉಪಕಾರ, ನಗರದಲ್ಲಿ ನಕ್ಷತ್ರಗಳನ್ನು ಕಾಣದ ಮಕ್ಕಳಿಗೂ ಉಪಕಾರ.

ಸರಕಾರದ ವಿಷಯದಲ್ಲಿ ಹೇಳುವುದಾದರೆ, ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಧ್ವಜದ ಮನ್ನಣೆ ದೊರೆತುದು ಸಂತೋಷದ ಸಂಗತಿ. ಆ ಮನ್ನಣೆಗೆ ನೀರಿನ ಶುದ್ಧತೆಯಂತೆಯೇ ಜೀವರಕ್ಷಕರ ವ್ಯವಸ್ಥೆಯೂ ಅಗತ್ಯವಾದ ನಿಬಂಧನೆಯಾಗಿದೆ. ಎರಡು ತೀರಗಳಲ್ಲಿ ಸಾಧ್ಯವಾದುದು ಉಳಿದೆಡೆ ಏಕೆ ಸಾಧ್ಯವಾಗಬಾರದು? ವಾಹನ ನಿಲ್ಲಿಸುವ ಶುಲ್ಕದ ಫಲಕವನ್ನು ದೂರದಿಂದಲೇ ಓದುವಂತೆ ಬರೆಸುವವರು, ಅದರ ಪಕ್ಕದಲ್ಲಿಯೇ ಆ ದಿನದ ಉಬ್ಬರ ಇಳಿತಗಳ ವೇಳೆಯನ್ನೂ ಸೆಳವಿರುವ ಎಡೆಯನ್ನೂ ಕನ್ನಡದಲ್ಲಿ ಬರೆಸಲಿ. ದಿನವೂ ಅಳಿಸಿ ಬರೆಯಬೇಕಾದುದರಿಂದ ಶಾಲೆಯ ಕರಿಹಲಗೆಯಂತಹ ಒಂದು ಹಲಗೆಯೂ ಸೀಮೆಸುಣ್ಣವೂ ಇದ್ದರೆ ಸಾಕು.