ಮೇಲೆ ಥಳಕು, ಒಳಗೆ ತುಕ್ಕು

ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ ನಿಂತಿದೆ. 1969ರಲ್ಲಿ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, 2002ರಲ್ಲಿ ವಸ್ತುಸಂಗ್ರಹಾಲಯವಾದ ಹಡಗಿದು. ದಡಕ್ಕೆ ಬಂದ ಮಾತ್ರಕ್ಕೆ ಅದರ ಉಕ್ಕಿಗೆ ಉಪ್ಪುಗಾಳಿ ತಪ್ಪಿಲ್ಲ. ದಪ್ಪ ಉಕ್ಕಿನ ಜಲಾಂತರ್ಗಾಮಿಯ ಪಾಡೇ ಹೀಗಿರುವಾಗ, ಒಂದು ಮಿಲಿಮೀಟರೂ ದಪ್ಪವಿಲ್ಲದ ತಗಡು ಹೊದ್ದ ಹಳೆಯ ಮಾರುತಿ 800 ಯಾವ ಲೆಕ್ಕ?

ಹಳೆ ಗಾಡಿಯನ್ನು ವಿಶಾಖಪಟ್ಟಣದ ಗಾಜುವಾಕದ ಆಟೋನಗರಕ್ಕೆ ಒಯ್ಯಿರಿ, ವಿಜಯವಾಡದ ಆಟೋನಗರಕ್ಕೆ ಒಯ್ಯಿರಿ, ನಮ್ಮೂರಿನ ಗ್ಯಾರೇಜಿಗೇ ಒಯ್ಯಿರಿ, ತುಕ್ಕಿನ ಬಗ್ಗೆ ಕಿವಿಗೆ ಬೀಳುವ ಮಾತಿನಲ್ಲಿ ಅರ್ಧ ಅನುಭವ, ಅರ್ಧ ಸಮಾಧಾನ. ಎರಡನ್ನೂ ಬೇರೆ ಮಾಡಿ ನೋಡೋಣ.

ತಪ್ಪು ಕಲ್ಪನೆ: ಬಣ್ಣದ ಮೇಲೆ ಒಂದು ಗುಳ್ಳೆ ತಾನೆ? ಉಜ್ಜಿ ಬಣ್ಣ ಹೊಡೆದರಾಯಿತು.

ಸತ್ಯ: ಗುಳ್ಳೆ ಎದ್ದಿತೆಂದರೆ ತುಕ್ಕು ಒಳಗಿನಿಂದ ಹೊರಕ್ಕೆ ಬಂದಿರುವ ಸಾಧ್ಯತೆಯೇ ಹೆಚ್ಚು. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಉಬ್ಬರವೇ ಬಣ್ಣವನ್ನು ಮೇಲಕ್ಕೆತ್ತುವುದು. ಬಾಗಿಲಿನ ಕೆಳ ಅಂಚನ್ನೇ ನೋಡಿ. ಕಿಟಕಿ ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲಿನೊಳಗೆ ಇಳಿದು, ಅಡಿಯ ಸಣ್ಣ ತೂತುಗಳಿಂದ ಹೊರಹೋಗಬೇಕು. ಧೂಳು, ತರಗೆಲೆ ಸೇರಿ ತೂತು ಕಟ್ಟಿಕೊಂಡರೆ, ತಗಡು ಮಡಿಚಿದ ಕಡೆ ನೀರು ನಿಲ್ಲುತ್ತದೆ. ತುಕ್ಕು ಹುಟ್ಟುವುದು ಹೀಗೆ ನೀರು ನಿಲ್ಲುವ ಜಾಗದಲ್ಲಿ. ನಮ್ಮ ಕಣ್ಣಿಗೆ ಬೀಳುವುದು ಎಷ್ಟೋ ಕಾಲದ ನಂತರ.

ತಪ್ಪು ಕಲ್ಪನೆ: ನನ್ನ ಗಾಡಿ ಮಳೆಯನ್ನೇ ಕಂಡಿಲ್ಲ, ಸದಾ ಕವರ್ ಹಾಕಿಯೇ ಇಟ್ಟಿದ್ದೇನೆ.

ಸತ್ಯ: ಕಡಲೂರಿನಲ್ಲಿ ತುಕ್ಕಿಗೆ ಮಳೆಯೇ ಬೇಕೆಂದಿಲ್ಲ. ಗಾಳಿಯ ತೇವಾಂಶ ಸುಮಾರು ಶೇಕಡ 75 ದಾಟಿದರೆ ಉಪ್ಪಿನ ಹರಳು ತಾನೇ ನೀರು ಹೀರಿಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದನ್ನು ಯಾವ ಅಡುಗೆಮನೆ ಕಂಡಿಲ್ಲ? ಅದೇ ಉಪ್ಪುನೀರು ತಗಡಿನ ಮೇಲೆ ಕೂತರೆ ತುಕ್ಕಿನ ಓಟ ಜೋರಾಗುತ್ತದೆ. ವಿಶಾಖಪಟ್ಟಣದಲ್ಲಾಗಲಿ ನಮ್ಮ ಮಂಗಳೂರು, ಕಾರವಾರದಲ್ಲಾಗಲಿ ಇಷ್ಟು ತೇವ ಅಪರೂಪವಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಕವರ್ ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಕವರಿಗಿಂತ ಉಪಯೋಗಕ್ಕೆ ಬರುವುದು ಸಿಹಿನೀರು: ಗಾಡಿಯ ಅಡಿಭಾಗ, ಮಡ್‌ಗಾರ್ಡಿನ ಒಳಮೈ ತೊಳೆದು ಬಿಸಿಲಿಗೆ ಬಿಡಿ.

ತಪ್ಪು ಕಲ್ಪನೆ: ವಿಜಯವಾಡ ಕಡಲಿಗೆ ದೂರ, ಅಲ್ಲಿನ ಗಾಡಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು.

ಸತ್ಯ: ಇದು ಅರ್ಧ ನಿಜ. ದಡ ಬಿಟ್ಟು ಒಳನಾಡಿಗೆ ಬಂದಷ್ಟೂ ಗಾಳಿಯ ಉಪ್ಪು ಬೇಗನೆ ಇಳಿಯುತ್ತದೆ. ಆದರೆ 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಬುಡಮೇರು ಹೊಳೆ ಉಕ್ಕಿದಾಗ ಅಜಿತ್ ಸಿಂಗ್ ನಗರದಂಥ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು. ನೆರೆ ನೀರು ಇಳಿದರೂ ಅದು ತಂದ ಕೆಸರು ಗಾಡಿಯ ಸಂದುಗೊಂದುಗಳಲ್ಲಿ ಉಳಿದು, ಒದ್ದೆ ಬಟ್ಟೆಯ ಹಾಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಂದ ಗಾಡಿ ಕೊಳ್ಳುವುದಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗುರುತಿದೆಯೇ ನೋಡಿ. ಕಾರ್ಪೆಟ್ ಎತ್ತಿ, ಸೀಟಿನ ಬೋಲ್ಟುಗಳನ್ನು ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಗೆ ಕೈಹಾಕಿ. ಹೊಸ ಕಾರ್ಪೆಟ್, ಹಳೆ ಗಾಡಿ ಎಂದಾಗಲಂತೂ ಇನ್ನೊಂದು ಸಲ ನೋಡಿ.

ತಪ್ಪು ಕಲ್ಪನೆ: ತೂತಿಗೆ ಪುಟ್ಟಿ ತುಂಬಿಸಿದರೆ ಕೆಲಸ ಮುಗಿಯಿತು.

ಸತ್ಯ: ಪುಟ್ಟಿ ಇರುವುದು ಮೈಯನ್ನು ನುಣುಪು ಮಾಡಲು. ಅದು ಭಾರ ಹೊರುವುದಿಲ್ಲ, ಸಾಲದ್ದಕ್ಕೆ ತೇವವನ್ನೂ ಹೀರುತ್ತದೆ. ಜೀಪಿಗಾದರೆ ಬಾಡಿಯ ಕೆಳಗೆ ಬೇರೆಯೇ ಚಾಸಿಸ್ ಇದೆ. ಅಂಬಾಸಿಡರ್, ಮಾರುತಿ 800ರಲ್ಲಿ ಬಾಡಿಯೇ ಚಾಸಿಸ್. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ರನ್ನಿಂಗ್ ಬೋರ್ಡ್ ಒಳಗೆ ಟೊಳ್ಳಾದ ಪೆಟ್ಟಿಗೆ. ಅಪಘಾತದಲ್ಲಿ ಪೆಟ್ಟು ತಾಳಬೇಕಾದ್ದೂ ಅದೇ. ಅದು ತುಕ್ಕು ತಿಂದಿದ್ದರೆ ಜಾಕ್ ಕೊಟ್ಟಾಗ ತಗಡು ಕುಸಿಯುತ್ತದೆ. ಅಯಸ್ಕಾಂತಕ್ಕೆ ತೆಳ್ಳನೆ ಬಟ್ಟೆ ಸುತ್ತಿ ಬಾಡಿಯ ಮೇಲೆ ಆಡಿಸಿ: ಅಂಟದ ಕಡೆ ದಪ್ಪ ಪುಟ್ಟಿ ಇದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ: ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಉತ್ತರಿಸುತ್ತದೆ. ಅಂಥ ಕಡೆ ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತಗಡು ಬೆಸೆಯುವುದೇ ದಾರಿ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಸುಗೆ ಎಂದಾದರೆ ಮೊದಲು ಟ್ಯಾಂಕ್ ಬಿಚ್ಚಿ ದೂರ ಇಡಿಸಿ.

ತಪ್ಪು ಕಲ್ಪನೆ: ಗಾಡಿಯ ಅಡಿಭಾಗಕ್ಕೆ ಸುಟ್ಟ ಆಯಿಲ್ ಬಳಿದರೆ ತುಕ್ಕು ಹತ್ತಿರ ಸುಳಿಯದು.

ಸತ್ಯ: ಎಣ್ಣೆ ನೀರನ್ನು ತಡೆಯುವುದು ನಿಜ. ಆದರೆ ಬಳಸಿದ ಎಂಜಿನ್ ಆಯಿಲಿನಲ್ಲಿ ಆಮ್ಲದ ಅಂಶ ಸೇರಿರುತ್ತದೆ. ರಬ್ಬರ್ ಬುಷ್‌ಗಳನ್ನು ಅದು ಕೆಡಿಸುತ್ತದೆ, ತೊಟ್ಟಿಕ್ಕಿ ನೆಲ-ನೀರನ್ನೂ ಹಾಳು ಮಾಡುತ್ತದೆ. ತುಕ್ಕಿನ ಮೇಲೆಯೇ ದಪ್ಪ ಕಪ್ಪು ಕೋಟಿಂಗ್ ಹೊಡೆಸಿದರೂ ಕಷ್ಟ: ಬಿರುಕಿನಲ್ಲಿ ನುಗ್ಗಿದ ನೀರಿಗೆ ಹೊರದಾರಿ ಇಲ್ಲ, ಒಳಗೆ ಏನಾಗುತ್ತಿದೆ ಎಂದು ನೋಡಲು ನಮಗೂ ದಾರಿ ಇಲ್ಲ. ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಮೇಲ್ಮೈ ತುಕ್ಕಿಗೆ ಸರಿ, ಹೋದ ತಗಡನ್ನು ಮರಳಿ ತರುವುದಿಲ್ಲ. ಟೊಳ್ಳು ಭಾಗಗಳಿಗೆ ಒಣಗಿಸಿದ ಮೇಲೆ ಮೇಣದಂಥ ಸ್ಪ್ರೇ ಹೊಡೆಸುವುದು ಮೇಲು. ನೀರಿಳಿಯುವ ತೂತುಗಳನ್ನು ಮಾತ್ರ ಮುಚ್ಚಬಾರದು.

ಹಾಗಾಗಿ ಹಳೆ ಗಾಡಿಯ ಕೆಲಸಕ್ಕೆ ಕೈಹಾಕುವ ಮೊದಲು ಬಣ್ಣದ ಡಬ್ಬ ಬೇಡ, ಒಂದು ಚೊಂಬು ನೀರು ತನ್ನಿ. ಮುಂದಿನ ಗಾಜಿನ ಬುಡದಲ್ಲಿ ನಿಧಾನವಾಗಿ ಸುರಿದು, ಎಲ್ಲಿಂದ ಹೊರಬರುತ್ತದೆ ಎಂದು ಬಗ್ಗಿ ನೋಡಿ. ಸುರಿದ ನೀರು ಹೊರಗೆ ಬರದಿದ್ದರೆ, ಬಿಚ್ಚುವ ಕೆಲಸ ಅಲ್ಲಿಂದಲೇ ಶುರು.