ಪರಿಮಳದ ಮೇಣದಬತ್ತಿ ಮಾಡುವ ವಿಧಾನ



ಪ್ರತಿ ವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ನಮ್ಮ ನೆರೆಮನೆಯ ಬಾಯಮ್ಮ ನಮಗೆ ಕುಸ್ವಾರ್ ಕೊಡುತ್ತಾರೆ. ಕುಸ್ವಾರ್ ಅಂದರೆ ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿಸ್ ಮುಂತಾದ ತಿಂಡಿಗಳು. ನಮ್ಮ ಕರಾವಳಿಯಲ್ಲಿ ಇದನ್ನು ನೆರೆಕರೆಯವರಿಗೆಲ್ಲ ಹಂಚುವ ಪದ್ಧತಿ ಉಂಟು. ತಿಂಡಿ ಬಂದ ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಅಮ್ಮ ಹೇಳ್ತಾರೆ. ಆದರೆ ಅಂಗಡಿಯಿಂದ ಉಡುಗೊರೆ ತರಲು ನಮ್ಮಂಥ ಮಕ್ಕಳ ಹತ್ತಿರ ದುಡ್ಡು ಎಲ್ಲಿ ಉಂಟು? ಅದಕ್ಕೆ ನಾನು ಮತ್ತು ಅಕ್ಕ ಮನೆಯಲ್ಲೇ ಪರಿಮಳದ ಮೇಣದಬತ್ತಿ ಮಾಡಿ ಕೊಡುತ್ತೇವೆ. ಅದನ್ನು ಹೇಗೆ ಮಾಡುವುದು ಎಂದು ಈಗ ತಿಳಿಯೋಣ.

ಬೇಕಾಗುವ ಸಾಮಾನುಗಳು:
1. ಉರಿದು ಉಳಿದ ಮೇಣದಬತ್ತಿಯ ತುಂಡುಗಳು – 250 ಗ್ರಾಂ
2. ನೀಲಗಿರಿ ಎಣ್ಣೆ ಅಥವಾ ಲವಂಗದ ಎಣ್ಣೆ – 2 ಟೀ ಚಮಚ
3. ಹತ್ತಿಯ ದಾರ
4. ದೀಪಾವಳಿಯ ದೊಡ್ಡ ಹಣತೆಗಳು. ಚೆನ್ನಾಗಿ ತೊಳೆದು ಒಣಗಿಸಿರಬೇಕು
5. ಒಂದು ದೊಡ್ಡ ಪಾತ್ರೆ, ಒಂದು ಸಣ್ಣ ಪಾತ್ರೆ
6. ಹಿಡಿಸೂಡಿಯ ಕಡ್ಡಿಗಳು

ಪರಿಮಳ ಎಲ್ಲಿಂದ ಬರುತ್ತದೆ?
ಬೆಂಕಿಯಿಂದ ಪರಿಮಳ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಬತ್ತಿ ಉರಿಯುವಾಗ ಅದರ ಸುತ್ತ ಮೇಣ ಕರಗಿ ಸಣ್ಣ ಕೆರೆಯ ಹಾಗೆ ನಿಲ್ಲುತ್ತದೆಯಲ್ಲ, ಹೆಚ್ಚಿನ ಪರಿಮಳ ಏಳುವುದು ಆ ಬಿಸಿ ಮೇಣದಿಂದ. ಅದಕ್ಕೇ ಉದ್ದದ ಬತ್ತಿಗಿಂತ ಅಗಲ ಬಾಯಿಯ ಹಣತೆ ಒಳ್ಳೆಯದು.

ಇನ್ನೊಂದು ವಿಷಯ. ಉರಿಯುವುದು ಬರೀ ದಾರ ಅಲ್ಲ. ಕರಗಿದ ಮೇಣ ದಾರದಲ್ಲಿ ಮೇಲೆ ಹತ್ತಿ, ಆವಿಯಾಗಿ ಉರಿಯುತ್ತದೆ. ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನಲ್ಲಿ ಮೇಣದಬತ್ತಿಯ ಬಗ್ಗೆಯೇ ಮಕ್ಕಳಿಗೆ 6 ಉಪನ್ಯಾಸ ಶುರು ಮಾಡಿದ್ದರು. ಬತ್ತಿ ನಂದಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ ಕಡ್ಡಿ ಗೀರಿ ಹಿಡಿದರೆ, ಬೆಂಕಿ ಹೊಗೆಯಲ್ಲೇ ಓಡಿ ಬತ್ತಿಗೆ ಹತ್ತುತ್ತದೆ ಎಂದು ಅವರು ತೋರಿಸಿದರು. ಆ ಹೊಗೆಯೇ ಮೇಣದ ಆವಿ.

ಮಾಡುವ ವಿಧಾನ:
ಮೊದಲು ಮೂರು ಎಳೆ ದಾರವನ್ನು ಜಡೆಯ ಹಾಗೆ ಹೆಣೆಯಿರಿ. ನೈಲಾನ್ ದಾರ ಬೇಡ, ಅದು ಕರಗಿ ಹೋಗುತ್ತದೆ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಇಡಿ. ಸಣ್ಣ ಪಾತ್ರೆಯಲ್ಲಿ ಮೇಣ ಹಾಕಿ ಆ ನೀರಿನೊಳಗೆ ಇಡಿ. ಮೇಣವನ್ನು ನೇರವಾಗಿ ಒಲೆಯ ಮೇಲೆ ಇಡಲೇಬಾರದು. ಯಾಕೆಂದರೆ ಮೇಣ ಸುಮಾರು 60 ಡಿಗ್ರಿಗೆ ಕರಗುತ್ತದೆ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ. ಆದರೆ ಒಲೆಯ ಮೇಲೆ ಇಟ್ಟರೆ ಮೇಣದ ಬಿಸಿ 200 ಡಿಗ್ರಿಯನ್ನೂ ದಾಟಿ ಬೆಂಕಿ ಹಿಡಿಯಬಹುದು.

ಮೇಣ ಕರಗಿದ ಮೇಲೆ ಹಳೆಯ ಬತ್ತಿಯ ದಾರಗಳನ್ನು ಕಡ್ಡಿಯಿಂದ ತೆಗೆಯಿರಿ. ಹೆಣೆದ ದಾರವನ್ನು ಅದರಲ್ಲಿ ಅದ್ದಿ ಒಣಗಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ದಾರವನ್ನು ಕಡ್ಡಿಗೆ ಕಟ್ಟಿ, ಕಡ್ಡಿಯನ್ನು ಹಣತೆಯ ಬಾಯಿಗೆ ಅಡ್ಡ ಇಡಿ. ದಾರ ಸರಿಯಾಗಿ ನಡುವೆ ಇರಲಿ.

ಈಗ ಮೇಣವನ್ನು ಒಲೆಯಿಂದ ದೂರ ತೆಗೆದುಕೊಂಡು ಹೋಗಿ. ಎರಡು ನಿಮಿಷ ಬಿಟ್ಟು ಎಣ್ಣೆ ಹಾಕಿ ಕಲಸಿ, ಹಣತೆಗೆ ಸುರಿಯಿರಿ. ಮೊದಲೇ ಎಣ್ಣೆ ಹಾಕಿ ಕುದಿಸಿದರೆ ಪರಿಮಳ ಎಲ್ಲ ಅಡುಗೆಮನೆಗೇ ಆಯಿತು, ಬತ್ತಿಗೆ ಏನೂ ಉಳಿಯುವುದಿಲ್ಲ!

ಸ್ವಲ್ಪ ಮೇಣ ಉಳಿಸಿಕೊಳ್ಳಿ. ಮೇಣ ತಣಿಯುವಾಗ ಕುಗ್ಗಿ ನಡುವೆ ಗುಂಡಿ ಬೀಳುತ್ತದೆ. ಉಳಿಸಿದ್ದನ್ನು ಕರಗಿಸಿ ಅಲ್ಲಿಗೆ ತುಂಬಿಸಿ. ಮಾರನೆ ದಿನ ಕಡ್ಡಿ ಬಿಚ್ಚಿ, ದಾರವನ್ನು ಕಾಲು ಇಂಚು ಬಿಟ್ಟು ಕತ್ತರಿಸಿ.

ಯಾವುದು ಹಾಕಬಾರದು?
ಮಲ್ಲಿಗೆ ಹೂ ಹಾಕಿದರೆ ಆಗುವುದಿಲ್ವಾ ಅಂತ ನೀವು ಕೇಳಬಹುದು. ಹೂವಿನಲ್ಲಿ ನೀರಿನ ಅಂಶ ಉಂಟು. ಬಿಸಿ ಮೇಣಕ್ಕೆ ಬಿದ್ದರೆ ಬಾಡಿ ಕಪ್ಪಾಗುತ್ತದೆ. ಒಣಗಿದ ಹೂವಿಗೆ ಬೆಂಕಿಯೇ ಹತ್ತಬಹುದು. ಪನ್ನೀರು ಮೇಣದ ಜೊತೆ ಸೇರುವುದಿಲ್ಲ, ಸಿಡಿಯುತ್ತದೆ. ಬಟ್ಟೆಗೆ ಹಾಕುವ ಸೆಂಟಿನಲ್ಲಿ ಸ್ಪಿರಿಟ್ ಇರುವುದರಿಂದ ಅದೂ ಬೇಡ. ಕುಂಕುಮ, ಅರಿಶಿನದ ಪುಡಿ ದಾರಕ್ಕೆ ಕಟ್ಟಿಕೊಂಡು ದೀಪ ಮಂಕಾಗುತ್ತದೆ.

ತೆಂಗಿನ ಗೆರಟೆಯಲ್ಲಿ ಮಾಡಿದರೆ ನೋಡಲು ಚೆಂದ. ಆದರೆ ಗೆರಟೆ ಅಂದರೆ ಒಳ್ಳೆ ಸೌದೆಯೇ ಅಲ್ವಾ? ಬಾಯಮ್ಮನಿಗೆ ವಯಸ್ಸಾಗಿದೆ, ಮನೆಯಲ್ಲಿ ಒಬ್ಬರೇ ಇರುವುದು. ಕೊಟ್ಟ ಉಡುಗೊರೆಯಿಂದ ಅವರ ಮನೆಗೆ ಬೆಂಕಿ ಬೀಳಬಾರದು. ಅದಕ್ಕೆ ನಾವು ಮಣ್ಣಿನ ಹಣತೆಯನ್ನೇ ಬಳಸುತ್ತೇವೆ.

ಎಚ್ಚರಿಕೆ:
ದೊಡ್ಡವರು ಹತ್ತಿರ ಇಲ್ಲದೆ ಒಲೆ ಹಚ್ಚಬೇಡಿ. ಮೇಣಕ್ಕೆ ಬೆಂಕಿ ಹಿಡಿದರೆ ನೀರು ಸುರಿಯಲೇಬೇಡಿ, ಬೆಂಕಿ ಇನ್ನೂ ಹಾರುತ್ತದೆ. ದೊಡ್ಡವರು ಒಲೆ ಆರಿಸಿ ಪಾತ್ರೆಗೆ ಮುಚ್ಚಳ ಮುಚ್ಚಬೇಕು. ಉಳಿದ ಮೇಣವನ್ನು ಬಚ್ಚಲಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ.

ಉಡುಗೊರೆ ಕೊಡುವಾಗ ಹಣತೆಗೆ ಕಾಗದ ಸುತ್ತಿ ಕಟ್ಟಿ, ಪರಿಮಳ ಬೇಗ ಹಾರಿ ಹೋಗುವುದಿಲ್ಲ. ಜೊತೆಗೆ ಒಂದು ಚೀಟಿ ಬರೆದು ಇಡಿ: “ತಟ್ಟೆಯ ಮೇಲಿಟ್ಟು ಹಚ್ಚಿ. ಪರದೆಯ ಹತ್ತಿರ ಬೇಡ. ಮಲಗುವ ಮೊದಲು ನಂದಿಸಿ.”

ಕ್ರಿಸ್‌ಮಸ್ಸೇ ಆಗಬೇಕೆಂದಿಲ್ಲ. ದೀಪಾವಳಿಗೆ, ಹೊಸ ವರ್ಷಕ್ಕೆ ನೀವೂ ಮಾಡಿ ಕೊಡಿ. ಕರೆಂಟು ಹೋದ ರಾತ್ರಿ ಉಪಯೋಗಕ್ಕೂ ಆಗುತ್ತದೆ.

– 7ನೇ ತರಗತಿ ವಿದ್ಯಾರ್ಥಿನಿ