ಪೇಟೆಯ ಚೆಂಡುಹೂ ಕಾಗದಕ್ಕೆ ಇಳಿಯುವ ಬಗೆ

ನಗರ ಛಾಯಾಗ್ರಹಣದ ಕೆಲಸ ಎರಡು ಕಡೆ ನಡೆಯುತ್ತದೆ. ಬೆಳಕು, ಹೊತ್ತು, ಜನ ಮೂರೂ ಕೂಡಿಬರುವ ಜಾಗ ಹುಡುಕಿ ಕ್ಯಾಮೆರಾ ಹಿಡಿದು ನಿಲ್ಲುವುದು ಬೀದಿಯ ಕೆಲಸ. ತೆಗೆದದ್ದರಲ್ಲಿ ಒಳ್ಳೆಯದನ್ನು ಆರಿಸಿ, ಬಣ್ಣ ತಿದ್ದಿ, ಕಾಗದದ ಮೇಲೆ ಇಳಿಸುವುದು ಮೇಜಿನ ಮತ್ತು ಲ್ಯಾಬಿನ ಕೆಲಸ. ಮೊಬೈಲ್ ಬಂದ ಮೇಲೆ ಮೊದಲನೆಯದು ಎಲ್ಲರ ಕೈಗೂ ಸಿಕ್ಕಿತು. ಎರಡನೆಯದನ್ನು ಬಹಳ ಮಂದಿ ಕೈಬಿಟ್ಟರು. ಬೆಂಗಳೂರಿನಂಥ ಊರಿಗೆ ಇದು ದೊಡ್ಡ ನಷ್ಟ. ಎಂ.ಜಿ. ರಸ್ತೆಯ ಪ್ಲಾಜಾ ಚಿತ್ರಮಂದಿರ ಹೋಗಿ ಆ ಜಾಗಕ್ಕೆ ಮೆಟ್ರೊ ಬಂತು. 2011ರ ಅಕ್ಟೋಬರಿನಲ್ಲಿ ಮೊದಲ ರೈಲು ಓಡುವ ಹೊತ್ತಿಗೆ ಆ ರಸ್ತೆಯ ಮರಗಳ ಸಾಲಿನ ಹಳೆಯ ನೋಟವೂ ಉಳಿದಿರಲಿಲ್ಲ. ಇಂಥ ಜಾಗಗಳ ಚಹರೆ ಈಗ ಉಳಿದಿರುವುದು ಮುಖ್ಯವಾಗಿ ಮುದ್ರಿತ ಫೋಟೊಗಳಲ್ಲಿ.

ಕಾಗದದ ಬಾಳಿಕೆಗೆ ಕರ್ನಾಟಕದಲ್ಲೇ ಹಳೆಯ ಸಾಕ್ಷಿ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರಿನ ಗುಡಿಗಳನ್ನು ಚಿತ್ರಿಸಿದ. ಅವನು ಮಾಡಿದ ಪ್ರಿಂಟುಗಳನ್ನು ಲಂಡನ್ನಿನ ಸಂಗ್ರಹಾಲಯಗಳಲ್ಲಿ ಇಂದಿಗೂ ಕಾಣಬಹುದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲೂ ಛಾಯಾಚಿತ್ರಗಳ ಸಂಗ್ರಹವಿದೆ. ಒಳ್ಳೆಯ ಪ್ರಿಂಟ್ ಹೇಗಿರುತ್ತದೆ ಎಂದು ಕಣ್ಣಾರೆ ಕಂಡು ಕಲಿಯಲು ಪ್ರದರ್ಶನಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಮಭಾಜಕಕ್ಕೆ ಹತ್ತಿರವಾದ್ದರಿಂದ ಸೂರ್ಯ ಬೇಗ ಮೇಲೇರುತ್ತಾನೆ, ಬೇಗ ಇಳಿಯುತ್ತಾನೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಮಧ್ಯಾಹ್ನ ಅವನು ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಮುಖದ ಮೇಲೆ ಕಣ್ಣುಗುಳಿಗಳು ಕಪ್ಪಾಗಿ ಬೀಳುತ್ತವೆ. ಮುಂಜಾನೆಯ ಓರೆ ಬಿಸಿಲು ಒಂದು ಗಂಟೆ ಸಿಕ್ಕರೆ ಹೆಚ್ಚು. ಅದಕ್ಕೆ ಬದಲಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳುಮೋಡದ ಹದವಾದ ಬೆಳಕು ಹಲವು ದಿನ ಹಗಲಿಡೀ ಇರುತ್ತದೆ. ಮಳೆಗಾಲದಲ್ಲಿ ಕ್ಯಾಮೆರಾ ಒಳಗಿಡುವವರು ಈ ಊರಿನ ಒಳ್ಳೆಯ ಬೆಳಕನ್ನು ಕಳೆದುಕೊಳ್ಳುತ್ತಾರೆ.

ಜಾಗಗಳಲ್ಲಿ ಮೊದಲು ಹೇಳಬೇಕಾದದ್ದು ಕೃಷ್ಣರಾಜೇಂದ್ರ ಮಾರುಕಟ್ಟೆ. ಬೆಂಗಳೂರಿನಲ್ಲಿ 1905ರಲ್ಲೇ ವಿದ್ಯುದ್ದೀಪ ಕಂಡ ಪ್ರದೇಶವಿದು; ಮಾರುಕಟ್ಟೆ ಈ ಹೆಸರಿನಿಂದ ಶುರುವಾದದ್ದು 1928ರಲ್ಲಿ. ಬೆಳಗಿನ ಜಾವಕ್ಕೇ ಹೂವಿನ ವ್ಯಾಪಾರ ಬಿರುಸಾಗುತ್ತದೆ. ಸೇವಂತಿಗೆ, ಚೆಂಡುಹೂ, ಕನಕಾಂಬರ, ಸುಗಂಧರಾಜದ ರಾಶಿಗಳ ನಡುವೆ ಕೂಲಿಯಾಳುಗಳು ತಲೆಯ ಮೇಲೆ ಮೂಟೆ ಹೊತ್ತು ಓಡಾಡುತ್ತಾರೆ. ಮೊದಲ ಮಹಡಿಯ ಕಟಾಂಜನದಿಂದ ಕೆಳಗೆ ನೋಡಿದರೆ ಇಡೀ ನೆಲವೇ ಹೂವಿನ ಬಣ್ಣದ ಪಟ್ಟಿಗಳಾಗಿ ಕಾಣುತ್ತದೆ. ಆದರೆ ನೆನಪಿನಲ್ಲಿ ಉಳಿಯುವ ಚಿತ್ರಗಳು ಸಿಗುವುದು ಹೆಚ್ಚಾಗಿ ಕೆಳಗೆ, ತಕ್ಕಡಿಯ ಪಕ್ಕದಲ್ಲಿ.

ಮಾರುಕಟ್ಟೆಯಿಂದ ಉತ್ತರಕ್ಕೆ ನಡೆದರೆ ಹಳೆಯ ಪೇಟೆಗಳು: ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಅವೆನ್ಯೂ ರಸ್ತೆ. ಮುಂಜಾನೆಯೇ ಒಳ್ಳೆಯ ಹೊತ್ತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಓಣಿಗಳು ಇಕ್ಕಟ್ಟಾದ್ದರಿಂದ ಬಿಸಿಲು ನೆಲಕ್ಕೆ ಮುಟ್ಟುವುದೇ ಹತ್ತು ಗಂಟೆಯ ಮೇಲೆ. ಎದುರು ಗೋಡೆಗೆ ಬಡಿದು ಹಿಂತಿರುಗುವ ಬೆಳಕು ಅಂಗಡಿಯೊಳಗೆ ಕುಳಿತವರ ಮುಖದ ಮೇಲೆ ಮೆತ್ತಗೆ ಬೀಳುತ್ತದೆ. ಬಳೇಪೇಟೆಯ ವಾದ್ಯದಂಗಡಿಗಳಲ್ಲಿ ತೂಗುಹಾಕಿದ ತಬಲ, ಮೃದಂಗಗಳಿಗೆ ಈ ಬೆಳಕು ಹೇಳಿ ಮಾಡಿಸಿದಂತಿರುತ್ತದೆ.

ಕಟ್ಟಡಗಳ ಪೈಕಿ ವಿಧಾನಸೌಧವನ್ನು ಎಲ್ಲರೂ ತೆಗೆಯುತ್ತಾರೆ, ಹೊತ್ತು ನೋಡಿ ತೆಗೆಯುವವರು ಕಡಿಮೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರೂಪುಗೊಂಡು 1956ರಲ್ಲಿ ಮುಗಿದ ಈ ಕಟ್ಟಡದ ಮುಖ ಪೂರ್ವಕ್ಕೆ. ಬೆಳಗ್ಗೆ ಗ್ರಾನೈಟಿನ ಕೆತ್ತನೆ ಬಿಡಿಸಿ ಕಾಣುತ್ತದೆ. ಸಂಜೆ ಮುಂಭಾಗವೆಲ್ಲ ನೆರಳಾಗುತ್ತದೆ. ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ದೀಪ ಹಾಕಿದಾಗ ಹೈಕೋರ್ಟ್ ಕಡೆಯ ಪಾದಚಾರಿ ಮಾರ್ಗದಿಂದ ನೋಡಿದರೆ, ಗುಮ್ಮಟಗಳ ಹಿಂದೆ ಪಡುವಣದ ಆಕಾಶ ಕಡುನೀಲಿಯಾಗಿರುತ್ತದೆ. ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ದೀಪದ ಬೆಳಕೂ ಆಕಾಶದ ಬೆಳಕೂ ಸರಿಸಮವಾಗುತ್ತವೆ. ಈ ಸ್ಥಿತಿ ಕೆಲವೇ ನಿಮಿಷ ನಿಲ್ಲುವುದರಿಂದ ಸ್ಟ್ಯಾಂಡು, ಚೌಕಟ್ಟು ಎಲ್ಲ ಮೊದಲೇ ಸಿದ್ಧವಾಗಿರಬೇಕು. ಸುತ್ತಲಿನ ಕಬ್ಬನ್ ಪಾರ್ಕ್, ಹೈಕೋರ್ಟ್ ಇರುವ ಕೆಂಪು ಬಣ್ಣದ ಅಠಾರಾ ಕಚೇರಿ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಒಂದೇ ನಡಿಗೆಯಲ್ಲಿ ಸಿಗುತ್ತವೆ. ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನಮನೆಯ ಕಬ್ಬಿಣದ ಕಮಾನುಗಳಿವೆ, ಕೆಂಪೇಗೌಡ ಗೋಪುರ ಹೊತ್ತ ಬಂಡೆಯ ಮೇಲಿಂದ ನಗರದ ಅಂಚೂ ಕಾಣುತ್ತದೆ.

ಋತುಮಾನದ ಕಡೆಯಿಂದ ನೋಡಿದರೆ ಜನವರಿ, ಫೆಬ್ರುವರಿಗೆ ಟಬೆಬುಯಾದ ಗುಲಾಬಿ, ಮಾರ್ಚಿನಲ್ಲಿ ಜಕರಂದದ ನೇರಳೆ, ಏಪ್ರಿಲ್–ಮೇ ತಿಂಗಳಿಗೆ ಗುಲ್‌ಮೊಹರಿನ ಕೆಂಪು. ಚೈತ್ರದ ಹುಣ್ಣಿಮೆಗೆ ಕರಗ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಕರಗ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಅಲ್ಲಿ ಫ್ಲ್ಯಾಷ್ ಬಳಸುವುದು ತಪ್ಪು: ಹೊತ್ತವರ ಏಕಾಗ್ರತೆಗೂ ಧಕ್ಕೆ, ಚಿತ್ರದ ಬೆಳಕೂ ಸತ್ತುಹೋಗುತ್ತದೆ. ದೊಡ್ಡ ದ್ವಾರದ ಲೆನ್ಸ್, 3200ರಿಂದ 6400 ಐಎಸ್‌ಒ, 1/125 ಸೆಕೆಂಡಿನ ಆಸುಪಾಸು ಸಾಕು. ಸ್ವಲ್ಪ ಕಾಳು (ನಾಯ್ಸ್) ಬಂದರೂ ಪ್ರಿಂಟಿನಲ್ಲಿ ಅದು ಪರದೆಯ ಮೇಲೆ ಕಂಡಷ್ಟು ಎದ್ದು ಕಾಣುವುದಿಲ್ಲ.

ಜನರ ಚಿತ್ರ ತೆಗೆಯುವಾಗ ಅವರ ಒಪ್ಪಿಗೆ ಪಡೆಯುವುದು ಮೊದಲ ಮರ್ಯಾದೆ. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ದಶಕಗಳ ಕಾಲ ಚಿತ್ರಿಸಿದವರು. 1977ರಲ್ಲಿ ಪದ್ಮಶ್ರೀ ಪಡೆದ ಅವರ ಚಿತ್ರಗಳಲ್ಲಿ ಕಾಣುವ ಆತ್ಮೀಯತೆ ಅವಸರದಲ್ಲಿ ಬರುವಂಥದ್ದಲ್ಲ. ಹೂವಿನ ಅಂಗಡಿಯವರ ಚಿತ್ರ ತೆಗೆದರೆ ಮುಂದಿನ ವಾರ ಅವರಿಗೊಂದು ಪ್ರಿಂಟ್ ತಂದುಕೊಡುವುದು ನಗರ ಛಾಯಾಗ್ರಾಹಕರು ರೂಢಿಸಿಕೊಳ್ಳಬೇಕಾದ ಪದ್ಧತಿ. ಒಂದು ಕಾಫಿಯ ಬೆಲೆಗೆ ಆಗುವ ಕೆಲಸ ಅದು.

ಒಳ್ಳೆಯ ಪ್ರಿಂಟಿನ ತಯಾರಿ ಚಿತ್ರ ತೆಗೆಯುವಾಗಲೇ ಆರಂಭವಾಗುತ್ತದೆ. ಮಾರುಕಟ್ಟೆಯ ಚೆಂಡುಹೂವನ್ನೇ ತೆಗೆದುಕೊಳ್ಳಬಹುದು. ಆ ಕಿತ್ತಳೆಯಲ್ಲಿ ಕೆಂಪಿನ ಪಾಲು ಬಹಳ. ಕ್ಯಾಮೆರಾದ ಒಟ್ಟು ಬೆಳಕಿನ ನಕ್ಷೆ (ಹಿಸ್ಟೋಗ್ರಾಮ್) ಸರಿಯಾಗಿದೆ ಎಂದು ತೋರುತ್ತಿರುವಾಗಲೇ ಕೆಂಪು ಮಾತ್ರ ಅಂಚು ದಾಟಿರುತ್ತದೆ. ಆಗ ಎಸಳುಗಳ ಗೆರೆ ಅಳಿಸಿ ಹೂವಿನ ರಾಶಿ ಬಣ್ಣ ಬಳಿದ ಗೋಡೆಯಂತಾಗುತ್ತದೆ. ಹೀಗಾಗಿ ಕೆಂಪು, ಹಸಿರು, ನೀಲಿಗಳ ನಕ್ಷೆಯನ್ನು ಬೇರೆ ಬೇರೆ ನೋಡಿ, ಬೆಳಕನ್ನು ಅರ್ಧ ಅಥವಾ ಮುಕ್ಕಾಲು ಸ್ಟಾಪ್ ಇಳಿಸಬೇಕು. ರಾ ಫೈಲಿನಲ್ಲಿ ತೆಗೆದರೆ ಉಳಿಸಿಕೊಳ್ಳಲು ಹೆಚ್ಚು ಅವಕಾಶವಿದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ನೆರಳಲ್ಲಿ ಕುಳಿತ ಮಾರಾಟಗಾರನ ಮುಖವನ್ನು ಬೆಳಗಿಸುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮುಂದಿನದು ಅಳತೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಯಾವ ಕೊರತೆಯೂ ಕಾಣದು. 8×12 ಇಂಚಿಗೆ 2400×3600 ಪಿಕ್ಸೆಲ್ ಬೇಕು. 12×18 ಇಂಚಿಗೆ 3600×5400. ಅಂದರೆ 24 ಮೆಗಾಪಿಕ್ಸೆಲ್‌ನ ಸಾಧಾರಣ ಕ್ಯಾಮೆರಾ 12×18ಕ್ಕೆ ಧಾರಾಳವಾಯಿತು. ನಾಲ್ಕೈದು ಅಡಿ ದೂರದಿಂದ ನೋಡುವ 24×36 ಇಂಚಿನ ಗೋಡೆಚಿತ್ರಕ್ಕೆ ಇಂಚಿಗೆ 160 ಪಿಕ್ಸೆಲ್ ಇದ್ದರೂ ನಡೆಯುತ್ತದೆ. ದೊಡ್ಡ ಪ್ರಿಂಟಿಗೆ ದುಬಾರಿ ಕ್ಯಾಮೆರಾವೇ ಬೇಕು ಎಂಬ ನಂಬಿಕೆಗೆ ಆಧಾರವಿಲ್ಲ; ಕೈ ಅಲುಗದಿರುವುದು, ಫೋಕಸ್ ಸರಿಯಿರುವುದು ಅದಕ್ಕಿಂತ ಮುಖ್ಯ.

ಚಿತ್ರ ಕೆಡುವುದು ಹೆಚ್ಚಾಗಿ ಕಳಿಸುವ ದಾರಿಯಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ; ಅದು 4×6 ಪ್ರಿಂಟಿನ 300ರ ಲೆಕ್ಕಕ್ಕೂ ಸಾಲದು. ಪೆನ್‌ಡ್ರೈವ್, ಇಮೇಲ್ ಅಥವಾ ಡಾಕ್ಯುಮೆಂಟ್ ರೂಪದಲ್ಲಿ ಮೂಲ ಫೈಲನ್ನೇ ಕೊಡಬೇಕು. ಇನ್ನೊಂದು ಗಮನಿಸಬೇಕಾದ ಸಂಗತಿ ಚೌಕಟ್ಟಿನ ಪ್ರಮಾಣ. ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಕ್ಯಾಮೆರಾಗಳ ಚಿತ್ರ ಸಾಮಾನ್ಯವಾಗಿ 3:2, ಮೊಬೈಲಿನದು 4:3. ಮೊಬೈಲಿನ ಅಡ್ಡ ಚಿತ್ರವನ್ನು ಹಾಗೇ 4×6ಕ್ಕೆ ಕೊಟ್ಟರೆ ಯಂತ್ರ ಮೇಲೆ ಕೆಳಗೆ ಕತ್ತರಿಸುತ್ತದೆ. ಯಾರದೋ ತಲೆ ಅಥವಾ ಗೋಪುರದ ಕಳಶ ಹೋಗುತ್ತದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ತೆಗೆದವರೇ ತೀರ್ಮಾನಿಸಿ ಕೊಡುವುದು ಲೇಸು.

ಬಣ್ಣದ ವಿಚಾರ ಎಲ್ಲಕ್ಕಿಂತ ನಾಜೂಕು. ಕಂಪ್ಯೂಟರಿನ ಪರದೆ ತಾನೇ ಬೆಳಗುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂತಿರುಗಿಸುತ್ತದೆ. ಪರದೆಯ ಹೊಳಪನ್ನು ಪೂರ್ತಿ ಏರಿಸಿಟ್ಟು ತಿದ್ದಿದವರಿಗೆ ಪ್ರಿಂಟ್ ಕಪ್ಪಾಗಿ ಬಂದಂತೆ ಕಾಣುವುದು ಇದೇ ಕಾರಣಕ್ಕೆ. ಪ್ರಿಂಟಿನ ಕೆಲಸಕ್ಕೆ ಪರದೆಯ ಹೊಳಪು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇದ್ದರೆ ಸಾಕು. ಅಳೆಯುವ ಉಪಕರಣವಿದ್ದರೆ ಉತ್ತಮ. ಇಲ್ಲದವರು ಪರದೆಯ ಮೇಲಿನ ಖಾಲಿ ಬಿಳಿ ಪುಟವನ್ನೂ ಕಿಟಕಿಯ ಬಳಿ ಹಿಡಿದ ಬಿಳಿ ಕಾಗದವನ್ನೂ ಹೋಲಿಸಿ, ಎರಡೂ ಹೆಚ್ಚುಕಡಿಮೆ ಒಂದೇ ಕಾಣುವವರೆಗೆ ಹೊಳಪು ಇಳಿಸಬಹುದು. ಫೈಲಿನ ಬಣ್ಣದ ವ್ಯಾಪ್ತಿಯನ್ನು ಸಾಮಾನ್ಯ ಲ್ಯಾಬಿಗೆ ಎಸ್‌ಆರ್‌ಜಿಬಿಯಲ್ಲೇ ಕೊಡುವುದು ಕ್ಷೇಮ. ಅಡೋಬಿ ಆರ್‌ಜಿಬಿಯ ಫೈಲನ್ನು ಗಮನಿಸದೆ ಹಾಕಿದರೆ ಬಣ್ಣಗಳೆಲ್ಲ ಸೊರಗಿ ಬರುತ್ತವೆ.

ಮುದ್ರಣದಲ್ಲಿ ಈಗ ಮುಖ್ಯವಾಗಿ ಎರಡು ದಾರಿ. ಕಲರ್ ಲ್ಯಾಬುಗಳ ದೊಡ್ಡ ಯಂತ್ರಗಳಲ್ಲಿ ಲೇಸರ್ ಅಥವಾ ಎಲ್‌ಇಡಿ ಬೆಳಕು ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಚಿತ್ರ ಬರೆಯುತ್ತದೆ. ಆಮೇಲೆ ಅದು ರಾಸಾಯನಿಕದಲ್ಲಿ ತೊಳೆದು ಒಣಗಿ ಹೊರಬರುತ್ತದೆ. ಅಗ್ಗ, ಶೀಘ್ರ, ಮುಖದ ಬಣ್ಣಕ್ಕೆ ಹೊಂದುವಂಥದ್ದು. ಮದುವೆ ಆಲ್ಬಮ್ಮುಗಳಲ್ಲಿ, 4×6ಗಳಲ್ಲಿ ಬಹುಪಾಲು ಇದೇ. ಇನ್ನೊಂದು ಇಂಕ್‌ಜೆಟ್. ಎಂಟರಿಂದ ಹನ್ನೆರಡು ಬಗೆಯ ಪಿಗ್‌ಮೆಂಟ್ ಶಾಯಿಗಳನ್ನು ಅತಿಸೂಕ್ಷ್ಮ ಹನಿಗಳಾಗಿ ಕಾಗದಕ್ಕೆ ಎರಚುವ ಈ ವಿಧಾನ ನಿಧಾನ, ದುಬಾರಿ. ಆದರೆ ಬಣ್ಣದ ವ್ಯಾಪ್ತಿ ದೊಡ್ಡದು, ಬಾಳಿಕೆ ಹೆಚ್ಚು. ಪ್ರದರ್ಶನಕ್ಕೆ, ಸಂಗ್ರಹಕ್ಕೆ ಆರಿಸಬೇಕಾದದ್ದು ಇದನ್ನೇ. ಮನೆಯ ಅಗ್ಗದ ಪ್ರಿಂಟರುಗಳಲ್ಲಿ ಇರುವುದು ಹೆಚ್ಚಾಗಿ ಡೈ ಶಾಯಿ: ಹೊಳಪು ಚೆನ್ನಾಗಿದ್ದರೂ ಬಿಸಿಲಿಗೆ, ತೇವಕ್ಕೆ ಬೇಗ ಮಾಸುತ್ತದೆ.

ಕಾಗದದ ಆಯ್ಕೆಗೆ ಚೆಂಡುಹೂವಿನ ಚಿತ್ರವೇ ಒಳ್ಳೆಯ ಪರೀಕ್ಷೆ. ಹತ್ತಿಯ ನಾರಿನ ಮ್ಯಾಟ್ ಕಾಗದದ ಮೇಲೆ ಆ ಕಿತ್ತಳೆ ತುಸು ಮಂಕಾಗುತ್ತದೆ, ಕಪ್ಪೂ ಅಷ್ಟು ಆಳವಾಗಿ ಬರುವುದಿಲ್ಲ. ಲಸ್ಟರ್ ಅಥವಾ ಬರೈಟಾ ಕಾಗದದ ಮೇಲೆ ಅದೇ ಬಣ್ಣ ಉಕ್ಕಿ ನಿಲ್ಲುತ್ತದೆ. ಮಳೆಯಲ್ಲಿ ನೆನೆದ ಕಬ್ಬನ್ ಪಾರ್ಕಿನ ಮಂಜು, ಅಠಾರಾ ಕಚೇರಿಯ ಕಪ್ಪುಬಿಳುಪು ಚಿತ್ರ ಮುಂತಾದ ಮೆದು ಬಣ್ಣದವಕ್ಕೆ ಹತ್ತಿಯ ಮ್ಯಾಟ್ ತಕ್ಕದ್ದು. ಗ್ಲಾಸಿ ಕಾಗದ ಮೊದಲ ನೋಟಕ್ಕೆ ಆಕರ್ಷಕ, ಗಾಜಿನ ಹಿಂದೆ ಹಾಕಿದರೆ ಹೊಳಪಿನ ಕಾಟವೇ ಹೆಚ್ಚು. ಕಾಗದ ಮತ್ತು ಯಂತ್ರದ ಜೋಡಿಗೆ ಲ್ಯಾಬಿನವರಲ್ಲಿ ಬಣ್ಣದ ಪ್ರೊಫೈಲ್ ಇದ್ದರೆ ಅದನ್ನು ಕೇಳಿ ಪಡೆದು, ಚಿತ್ರ ತಿದ್ದುವ ತಂತ್ರಾಂಶದಲ್ಲಿ ಸಾಫ್ಟ್ ಪ್ರೂಫ್ ನೋಡಬೇಕು. ಯಾವ ಬಣ್ಣ ಕಾಗದಕ್ಕೆ ನಿಲುಕದು ಎಂಬುದು ಮುದ್ರಣಕ್ಕೆ ಮೊದಲೇ ಗೊತ್ತಾಗುತ್ತದೆ.

ಲ್ಯಾಬಿನಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತುಗಳು ಕೆಲವಿವೆ. ತಿದ್ದಿ ತಂದ ಫೈಲಿಗೆ ಆಟೊ ಕರೆಕ್ಷನ್ ಬೇಡ. ದೊಡ್ಡ ಪ್ರಿಂಟಿಗೆ ಮೊದಲು ಅದೇ ಕಾಗದದ ಮೇಲೆ ಸಣ್ಣ ಟೆಸ್ಟ್ ಪ್ರಿಂಟ್ ಬೇಕು. ಅದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡದೆ, ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡಬೇಕು. ಪ್ಲಾಸ್ಟಿಕ್ ಲ್ಯಾಮಿನೇಷನ್ ಬಹುದಿನ ಇಡಬೇಕಾದ ಚಿತ್ರಕ್ಕೆ ಬೇಡ. ಒಮ್ಮೆ ಅಂಟಿದ್ದು ಬಿಡಿಸಲು ಬರುವುದಿಲ್ಲ.

ಇಂಕ್‌ಜೆಟ್ ಪ್ರಿಂಟನ್ನು ಕನಿಷ್ಠ ಒಂದು ದಿನ ಗಾಳಿಗೆ ಬಿಟ್ಟು ಆಮೇಲೆ ಚೌಕಟ್ಟಿಗೆ ಹಾಕಬೇಕು, ಇಲ್ಲವಾದರೆ ಆವಿ ಗಾಜಿನ ಒಳಗೆ ಮಸುಕು ಹಿಡಿಸುತ್ತದೆ. ಚಿತ್ರಕ್ಕೂ ಗಾಜಿಗೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡಿನ ಅಂತರ ಇರಲಿ. ನೇರ ಬಿಸಿಲು ಬೀಳುವ ಗೋಡೆ, ಹೊರಗಿನ ಮಳೆಗೆ ತೇವ ಎಳೆಯುವ ಗೋಡೆ ಎರಡೂ ಬೇಡ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ಬೂಷ್ಟು ಪ್ರಿಂಟಿನ ದೊಡ್ಡ ಶತ್ರು; ಅಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಬಿದ್ದ ಮೇಲೆ ತೆಗೆದು ನೋಡಬೇಕು.

ಪ್ರಿಂಟಿನ ಹಿಂಬದಿಯಲ್ಲಿ ಸ್ಥಳ, ದಿನಾಂಕ, ಚಿತ್ರದಲ್ಲಿರುವವರು ಒಪ್ಪಿದರೆ ಅವರ ಹೆಸರು ಬರೆದಿಡಿ. ಹತ್ತಿಯ ಕಾಗದಕ್ಕೆ ಮೃದುವಾದ ಪೆನ್ಸಿಲ್, ಲ್ಯಾಬಿನ ನುಣುಪು ಕಾಗದಕ್ಕೆ ಪಿಗ್‌ಮೆಂಟ್ ಶಾಯಿಯ ತೆಳುಮೊನೆ ಪೆನ್ನು. ಅಂಚಿನಲ್ಲಿ ಬರೆದು, ಪೂರ್ತಿ ಒಣಗಿದ ಮೇಲೆ ಮಾತ್ರ ಇನ್ನೊಂದರ ಮೇಲೆ ಇಡಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಭಾಗದಲ್ಲಿ ಗೆರೆಯಾಗಿ ಮೂಡುತ್ತದೆ.